ಸಾಲ ಯಾರದ್ದು, ಕೇಳುವವರು ಯಾರು?

ಸಾಲ ವಸೂಲಿಯ ಹೆಸರಿನಲ್ಲಿ ನಡೆಯುವ ಕಾಟದ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ. ಕೇಳಿದವರ ಹೆಸರು, ಊರು ಬಿಟ್ಟಿದ್ದೇವೆ.

ಪ್ರಶ್ನೆ: ಏಳು ವರ್ಷದ ಹಿಂದೆ ಕ್ರೆಡಿಟ್ ಕಾರ್ಡ್ ಬಾಕಿ ಕಟ್ಟಲಾಗದೆ ಕೈಬಿಟ್ಟಿದ್ದೆ. ಈಗ ವಕೀಲರ ಕಚೇರಿಯಿಂದ ಎಂದು ಒಬ್ಬರು ಫೋನ್ ಮಾಡಿ, 86 ಸಾವಿರ ಬಾಕಿಯಿದೆ, ಸಂಜೆಯೊಳಗೆ 5 ಸಾವಿರ ಟೋಕನ್ ಹಾಕಿದರೆ 20 ಸಾವಿರಕ್ಕೆ ಮುಗಿಸಿಕೊಡುತ್ತೇನೆ, ಇಲ್ಲದಿದ್ದರೆ ವಾರಂಟ್ ಬರುತ್ತದೆ ಎನ್ನುತ್ತಿದ್ದಾರೆ. ವಾಟ್ಸಾಪಿನಲ್ಲಿ ನೋಟಿಸನ್ನೂ ಕಳಿಸಿದ್ದಾರೆ. ಹಾಕಿಬಿಡಲೇ?

ಉತ್ತರ: ಹಾಕಬೇಡಿ. ‘ನನ್ನದೇ ಬಾಕಿ, ಮುಂದಿನ ತಿಂಗಳು ಕೊಡುತ್ತೇನೆ’ ಎಂದು ಮೆಸೇಜ್ ಕೂಡ ಮಾಡಬೇಡಿ.

ಮೊದಲು ಇವರು ಯಾರೆಂದು ಗೊತ್ತಾಗಲಿ. ನಿಮ್ಮ ಹೆಸರು, ಹಳೆಯ ವಿಳಾಸ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಹೇಳಿದ ಮಾತ್ರಕ್ಕೆ ಬ್ಯಾಂಕಿನವರಾಗುವುದಿಲ್ಲ. ಅಂಥ ವಿವರ ಸೋರಿಹೋಗುವುದು ಮಾಮೂಲು. ಯಾವ ಬ್ಯಾಂಕಿನ ಪರವಾಗಿ, ಯಾವ ಏಜೆನ್ಸಿ, ಬ್ಯಾಂಕ್ ಕೊಟ್ಟ ಅಧಿಕಾರಪತ್ರ ಎಲ್ಲಿ, ಬಾಕಿಯ ಲೆಕ್ಕ ಎಲ್ಲಿ, ಇಷ್ಟು ಕೇಳಿ. ‘ಇಮೇಲ್ ಮಾಡಿ, ನೋಡಿ ಉತ್ತರಿಸುತ್ತೇನೆ’ ಎಂದು ಫೋನ್ ಇಡಿ. ಪರಿಶೀಲನೆಗೆ ಎಂದು ಹುಟ್ಟಿದ ದಿನಾಂಕ, ಪ್ಯಾನ್, ಒಟಿಪಿ ಕೇಳಿದರೆ ಕೊಡಬೇಡಿ. ನಕಲಿ ಆಸಾಮಿ ಸಾಮಾನ್ಯವಾಗಿ ಇಲ್ಲಿಗೇ ದನಿ ಏರಿಸುತ್ತಾನೆ.

ಆಮೇಲೆ ಬ್ಯಾಂಕಿನ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ, ಆ ಏಜೆನ್ಸಿ ಅವರದೇ ಹೌದೇ ಎಂದು ವಿಚಾರಿಸಿ. ಸಾಲವನ್ನು ಬೇರೆ ಕಂಪನಿಗೆ ಮಾರಿದ್ದಾರೆಯೇ ಎಂಬುದನ್ನೂ ಕೇಳಿ. ಮಾರಿದ್ದರೆ ಬ್ಯಾಂಕಿಗೆ ಕಟ್ಟಿದ ದುಡ್ಡು ಬೇರೆ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಜೊತೆಗೆ ಕ್ರೆಡಿಟ್ ವರದಿ (ನಿಮ್ಮ ಸಾಲ, ಮರುಪಾವತಿಗಳ ದಾಖಲೆ) ತೆಗೆಸಿ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಕೊನೆಯ ಕಂತು ಕಟ್ಟಿದ ದಿನಾಂಕ ಅದರಲ್ಲಿರುತ್ತದೆ, ನಿಮಗೆ ಮುಖ್ಯವಾಗಿ ಬೇಕಾದದ್ದು ಅದೇ.

ಏಕೆಂದರೆ, 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಅಡಮಾನವಿಲ್ಲದ ಬಾಕಿಗೆ ದಾವೆ ಹೂಡಲು ಇರುವ ಅವಧಿ ಸಾಮಾನ್ಯವಾಗಿ 3 ವರ್ಷ. ಆ ಅವಧಿಯೊಳಗೆ ನೀವು ಸಹಿ ಹಾಕಿ ಬಾಕಿಯನ್ನು ಒಪ್ಪಿಕೊಂಡರೆ, ಅಥವಾ ಸ್ವಲ್ಪ ಕಟ್ಟಿ ಅದಕ್ಕೆ ನಿಮ್ಮ ಬರವಣಿಗೆಯ ಗುರುತು ಇದ್ದರೆ, ಅಲ್ಲಿಂದ ಹೊಸದಾಗಿ 3 ವರ್ಷ ಎಣಿಕೆಯಾಗುತ್ತದೆ. ಅವಧಿ ಮುಗಿದ ಮೇಲೂ ‘ಕೊಡುತ್ತೇನೆ’ ಎಂದು ಬರೆದು ಸಹಿ ಮಾಡಿಕೊಟ್ಟರೆ, ಕರಾರು ಕಾಯ್ದೆಯ 25(3)ನೇ ಕಲಮು ಅದನ್ನು ಹೊಸ ಕರಾರೆಂದೇ ನೋಡುತ್ತದೆ. ಟೋಕನ್ ಹಾಕಿ, ಒಂದು ಫಾರಂಗೆ ಸಹಿ ಮಾಡಿ ಎಂಬ ಅವಸರದ ಹಿಂದೆ ಈ ಲೆಕ್ಕಾಚಾರವೂ ಇರಬಹುದು. ಹಾಗೆಂದು ಅವಧಿ ಮುಗಿದರೆ ಸಾಲವೇ ಅಳಿಸಿಹೋಯಿತು ಎಂದಲ್ಲ: ಕೋರ್ಟಿನ ಮೂಲಕ ವಸೂಲಿ ಮಾಡಲಾಗದು, ಅಷ್ಟೆ. ದಿನಾಂಕಗಳನ್ನು ವಕೀಲರಿಗೆ ತೋರಿಸಿಯೇ ಮುಂದಿನ ಹೆಜ್ಜೆ ಇಡಿ.

ಇನ್ನು ವಾರಂಟ್. ಸಾಲ ಕಟ್ಟಲಾಗದಿರುವುದು ಸಿವಿಲ್ ವಿಷಯ. ಅದಕ್ಕೆ ಪೊಲೀಸರು ಬಂಧಿಸುವುದಿಲ್ಲ, ವಕೀಲರ ನೋಟಿಸಿಗೆ ವಾರಂಟ್ ಹೊರಡಿಸುವ ಅಧಿಕಾರವೂ ಇಲ್ಲ. ಚೆಕ್ ಬೌನ್ಸ್ ಆಗಿದ್ದರೆ ಮಾತ್ರ ಕತೆ ಬೇರೆ. ಅದರ ನೋಟಿಸ್ ಕೈಸೇರಿದ 15 ದಿನದೊಳಗೆ ಹಣ ಕೊಡಬೇಕು, ಹಾಗಾಗಿ ಅಂಥ ನೋಟಿಸನ್ನು ಮೂಲೆಗೆ ಹಾಕಬೇಡಿ. ‘ಕೋರ್ಟ್ ನೋಟಿಸ್’ ಎಂದು ಬಂದದ್ದರಲ್ಲಿ ಕೇಸ್ ನಂಬರ್ ಹುಡುಕಿ. ದಾಖಲಾದ ಪ್ರಕರಣಕ್ಕೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ, ಇ-ಕೋರ್ಟ್ಸ್ ತಾಣದಲ್ಲಿ ಹಾಕಿದರೆ ವಿವರ ತೆರೆದುಕೊಳ್ಳುತ್ತದೆ. ಸಂಖ್ಯೆಯಿಲ್ಲದಿದ್ದರೆ ನಿಮ್ಮ ಹೆಸರು ಹಾಕಿ ಹುಡುಕಿ. ಸಮನ್ಸ್ ಅಸಲಿಯೇ ಆಗಿದ್ದರೆ ಸಾಮಾನ್ಯವಾಗಿ 30 ದಿನದೊಳಗೆ ಲಿಖಿತ ಉತ್ತರ ಸಲ್ಲಿಸಬೇಕು. ನಕಲಿ ಇರಬೇಕು ಎಂದುಕೊಂಡು ಸುಮ್ಮನಿದ್ದು ಏಕಪಕ್ಷೀಯ ಡಿಕ್ರಿ (ತಮ್ಮ ಮಾತು ಕೇಳದೆಯೇ ಬಂದ ತೀರ್ಪು) ಮಾಡಿಸಿಕೊಂಡವರಿದ್ದಾರೆ. ಲೋಕ ಅದಾಲತ್ ಪತ್ರ ಬಂದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ತೋರಿಸಿ ಖಚಿತಪಡಿಸಿಕೊಳ್ಳಿ. ಅಲ್ಲಿ ರಾಜಿ ನಿಮ್ಮಿಷ್ಟ.

ಬಾಕಿ ನಿಜ, ಏಜೆನ್ಸಿಯೂ ನಿಜ, ನಿಮಗೂ ಮುಗಿಸಿಕೊಳ್ಳುವ ಮನಸ್ಸಿದೆ ಎಂದಾದರೆ, ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಸಾಲದ ಸಂಖ್ಯೆ, ಒಪ್ಪಿದ ಮೊತ್ತ, ಕೊನೆಯ ದಿನಾಂಕ, ಇದೇ ಪೂರ್ಣ ಮತ್ತು ಅಂತಿಮ ಪಾವತಿ ಎಂಬ ಮಾತು, ಇಷ್ಟೂ ಇರುವ ಪತ್ರ ಕೈಗೆ ಬಂದಮೇಲೆ ಸಾಲದ ಖಾತೆಗೇ ಕಟ್ಟಿ. ಯಾರದೋ ಸ್ವಂತ ಯುಪಿಐಗೆ ಹಾಕಿದ ಹಣಕ್ಕೆ ಲೆಕ್ಕವಿರುವುದಿಲ್ಲ. ಬಾಕಿಯಿಲ್ಲ ಎಂಬ ಪತ್ರ ಪಡೆಯಿರಿ. ಕಡಿಮೆ ಮೊತ್ತಕ್ಕೆ ಮುಗಿಸಿದರೆ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬೀಳುತ್ತದೆ, ಮುಂದೆ ಸಾಲ ಕೊಡುವವರು ಅದನ್ನು ನೋಡಿ ಹಿಂಜರಿಯುತ್ತಾರೆ.

ಪ್ರಶ್ನೆ: ಮೊಬೈಲ್ ಆ್ಯಪಿನಲ್ಲಿ 3 ಸಾವಿರ ಸಾಲ ಪಡೆದು ವಾರದಲ್ಲೇ ತೀರಿಸಿದೆ. ಮತ್ತೆ ಕೇಳದೆಯೇ ಖಾತೆಗೆ ಹಣ ಹಾಕಿ, ದುಪ್ಪಟ್ಟು ಕೊಡು ಎನ್ನುತ್ತಿದ್ದಾರೆ. ನನ್ನ ಫೋಟೊವನ್ನು ಅಶ್ಲೀಲವಾಗಿ ತಿರುಚಿ ಅತ್ತೆಯ ಮನೆಯವರಿಗೆಲ್ಲ ಕಳಿಸಿದ್ದಾರೆ.

ಉತ್ತರ: ಇದು ಸಾಲ ವಸೂಲಿಯಲ್ಲ, ಸುಲಿಗೆ. ಕೊಟ್ಟರೆ ನಿಲ್ಲುವುದಿಲ್ಲ, ಹೆದರಿ ಕೊಡುವವರು ಎಂದು ಗೊತ್ತಾದ ನಂಬರಿಗೇ ಮತ್ತೆ ಮತ್ತೆ ಬರುತ್ತಾರೆ.

ಕೆಲಸ ಯಾವ ಕ್ರಮದಲ್ಲಿ ಮಾಡುತ್ತೀರಿ ಎಂಬುದು ಇಲ್ಲಿ ಮುಖ್ಯ. ಅನೇಕರು ಗಾಬರಿಯಲ್ಲಿ ಮೊದಲು ಆ್ಯಪ್ ಅಳಿಸಿ, ಚಾಟ್ ಅಳಿಸಿ, ಸಾಕ್ಷ್ಯವನ್ನೇ ಕಳೆದುಕೊಳ್ಳುತ್ತಾರೆ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಆ್ಯಪಿನ ಹೆಸರು, ಸ್ಟೋರಿನಲ್ಲಿ ತೋರಿಸುವ ಡೆವಲಪರ್ ಹೆಸರು, ಬೆದರಿಕೆ ಬಂದ ಪ್ರತಿಯೊಂದು ನಂಬರ್ ಮತ್ತು ಸಮಯ, ಹಣ ಬಂದ-ಹೋದ ವ್ಯವಹಾರಗಳ ಯುಪಿಐ ಉಲ್ಲೇಖ ಸಂಖ್ಯೆ, ಎಲ್ಲವೂ ಬೇಕು. ವಾಟ್ಸಾಪ್ ಚಾಟನ್ನು ‘ಎಕ್ಸ್‌ಪೋರ್ಟ್’ ಮಾಡಿ ಇಮೇಲಿಗೆ ಹಾಕಿಕೊಳ್ಳಿ. ಚಿತ್ರ ತಲುಪಿದ ನೆಂಟರಿಗೂ ಅಳಿಸದೆ ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. ನಂತರ ಸೆಟ್ಟಿಂಗ್ಸ್‌ನಲ್ಲಿ ಆ್ಯಪಿಗೆ ಕೊಟ್ಟ ಅನುಮತಿಗಳನ್ನೆಲ್ಲ ಕಿತ್ತು, ಆಮೇಲೆ ಅಳಿಸಿ. ಅವರು ಆಗಲೇ ನಕಲು ಮಾಡಿಕೊಂಡ ನಂಬರುಗಳು ಇದರಿಂದ ವಾಪಸ್ ಬರುವುದಿಲ್ಲ. ಆದ್ದರಿಂದ ‘ನನ್ನ ಫೋನಿನ ನಂಬರುಗಳು ವಂಚಕರ ಕೈಸೇರಿವೆ, ಬರುವ ಚಿತ್ರ ನಕಲಿ, ಹಣ ಕಳಿಸಬೇಡಿ’ ಎಂದು ಎಲ್ಲರಿಗೂ ನೀವೇ ಮೊದಲು ಒಂದು ಸಾಲು ಹಾಕಿಬಿಡಿ. ಅವರ ಕೈಯಲ್ಲಿದ್ದ ಅಸ್ತ್ರ ಅರ್ಧಕ್ಕರ್ಧ ಮೊಂಡಾಗುತ್ತದೆ.

ಕೇಳದೆ ಬಂದ ಹಣವನ್ನು ಖರ್ಚು ಮಾಡಬೇಡಿ, ಅವರು ಹೇಳಿದ ಯುಪಿಐಗೂ ಹಿಂದಿರುಗಿಸಬೇಡಿ. ನಿಮ್ಮ ಬ್ಯಾಂಕ್ ಶಾಖೆಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ.

1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ದಾಖಲಿಸಿ. ಠಾಣೆಗೆ ಕೊಡುವ ದೂರಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ 308 (ಸುಲಿಗೆ), 351 (ಬೆದರಿಕೆ), ಐಟಿ ಕಾಯ್ದೆಯ 67 (ಅಶ್ಲೀಲ ಚಿತ್ರ ಹರಡುವುದು) ಕಲಮುಗಳನ್ನು ಹೆಸರಿಸಿ. ಪರವಾನಗಿಯಿಲ್ಲದ ಸಾಲದಾತರ ಬಗ್ಗೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲಿನಲ್ಲಿ ಬರೆಯಬಹುದು. ನಿಯಮದ ಪ್ರಕಾರ ಸಾಲದ ಆ್ಯಪುಗಳು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಕರೆ ದಾಖಲೆ, ಫೋಟೊಗಳನ್ನು ಮುಟ್ಟುವಂತೆಯೇ ಇಲ್ಲ. ಸಾಲ ಪಡೆಯುವ ಮುನ್ನ ಅದು ಕಾಂಟ್ಯಾಕ್ಟ್ಸ್ ಅನುಮತಿ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ರಾತ್ರಿ ನಿದ್ದೆಯಿಲ್ಲದೆ ಕೆಟ್ಟ ಯೋಚನೆಗಳು ಬರುತ್ತಿದ್ದರೆ 14416ಕ್ಕೆ ಕರೆ ಮಾಡಿ, ಅದು ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಪ್ರಶ್ನೆ: ಮೈಕ್ರೊಫೈನಾನ್ಸ್ ಕಂತು ಎರಡು ವಾರ ತಪ್ಪಿತು. ಸಿಬ್ಬಂದಿ ರಾತ್ರಿ ಎಂಟರವರೆಗೆ ಜಗಲಿಯ ಮೇಲೆ ಕೂರುತ್ತಾರೆ, ಬೀದಿಯವರಿಗೆಲ್ಲ ಕೇಳುವಂತೆ ಬೈಯುತ್ತಾರೆ.

ಉತ್ತರ: ರಿಸರ್ವ್ ಬ್ಯಾಂಕಿನ 2022ರ ಮಾರ್ಚ್ ನಿರ್ದೇಶನದಂತೆ, ಮೈಕ್ರೊಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿ ಕರೆ ಮಾಡುವಂತಿಲ್ಲ. (ಬೇರೆ ಸಾಲಗಳಿಗೆ ಬೆಳಿಗ್ಗೆ 8ರಿಂದ ಸಂಜೆ 7.) ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತ ಎರಡು ಸಲ ನೀವು ಅಲ್ಲಿಗೆ ಹೋಗದಿದ್ದರೆ ಮನೆಗೆ ಬರಬಹುದು. ಆದ್ದರಿಂದ ದುಡ್ಡಿಲ್ಲದಿದ್ದರೂ ಅಲ್ಲಿ ನಡೆಯುವ ಸಭೆ ತಪ್ಪಿಸಬೇಡಿ. ಹೋಗಿ, ಈ ವಾರ ಆಗದು ಎಂದು ಹೇಳಿ ಬನ್ನಿ. ಮನೆಗೆ ಬರುವ ನೆಪ ತಪ್ಪುತ್ತದೆ. ಬೈಗುಳ, ನೆಂಟರಿಗೆ ಕಾಟ, ಸಾಲಗಾರರ ಹೆಸರು ಬಹಿರಂಗ ಮಾಡುವುದು, ಎಲ್ಲವೂ ಆ ನಿರ್ದೇಶನದಲ್ಲಿ ನಿಷಿದ್ಧ.

ಸಾಲದ ಕಾರ್ಡು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ದೂರು ಹೇಳಿಕೊಳ್ಳುವ ನಂಬರ್ ಅದರಲ್ಲಿರಬೇಕು. ದಿನಾಂಕ, ವೇಳೆ, ಬಂದವರ ಹೆಸರು ಬರೆದು ಆ ಕಂಪನಿಗೇ ಮೊದಲು ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ) ದೂರಬಹುದು, ಮಾಹಿತಿಗೆ 14448. ಕಂಪನಿಗೆ ಬರೆಯದೆ ನೇರ ಅಲ್ಲಿಗೆ ಹೋದರೆ ದೂರು ತಿರಸ್ಕೃತವಾಗುತ್ತದೆ, ಬಹಳ ಜನ ಎಡವುವುದು ಇಲ್ಲೇ. ಕೈ ಮಾಡಿದರೆ, ಬೆದರಿಸಿದರೆ 30 ದಿನ ಕಾಯಬೇಕಿಲ್ಲ, 112ಕ್ಕೆ ಕರೆ ಮಾಡಿ. ಸಾಲ ಕೊಟ್ಟವರಿಗೆ ನೋಂದಣಿಯೇ ಇಲ್ಲದಿದ್ದರೆ, ಬಲವಂತದ ವಸೂಲಿ ತಡೆಯಲು ಕರ್ನಾಟಕ 2025ರಲ್ಲಿ ತಂದ ಕಾನೂನಿದೆ. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಉಂಟು.

ಪ್ರಶ್ನೆ: ತಂದೆ ತೀರಿಕೊಂಡರು. ಅವರ ವೈಯಕ್ತಿಕ ಸಾಲವನ್ನು ಮಗನಾದ ನಾನು ಕಟ್ಟಲೇಬೇಕು ಎನ್ನುತ್ತಾರೆ.

ಉತ್ತರ: ನೀವು ಸಹ-ಸಾಲಗಾರ ಅಥವಾ ಜಾಮೀನುದಾರ ಎಂದು ಸಹಿ ಹಾಕಿದ್ದೀರಾ? ಹಾಕಿದ್ದರೆ ಹೊಣೆ ನಿಮ್ಮದೇ. ಇಲ್ಲವಾದರೆ ತಂದೆಯಿಂದ ನಿಮಗೆ ಬಂದ ಆಸ್ತಿಯ ಮೌಲ್ಯದಷ್ಟಕ್ಕೆ ಮಾತ್ರ. ನಿಮ್ಮ ಸ್ವಂತ ಸಂಬಳ, ಉಳಿತಾಯ ಅದಕ್ಕೆ ಸೇರುವುದಿಲ್ಲ. ಮರಣ ಪ್ರಮಾಣಪತ್ರದ ಪ್ರತಿ ಕೊಟ್ಟು, ಸಾಲಕ್ಕೆ ವಿಮೆ ಮಾಡಿಸಿತ್ತೇ ಎಂದು ಬರಹದಲ್ಲಿ ಕೇಳಿ. ಎಷ್ಟೋ ಸಾಲಗಳಿಗೆ ಪ್ರೀಮಿಯಂ ಮೊದಲೇ ಮುರಿದುಕೊಂಡಿರುತ್ತಾರೆ, ಮನೆಯವರಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ಸ್ನೇಹಿತ ಸಾಲದ ಅರ್ಜಿಯಲ್ಲಿ ನನ್ನ ನಂಬರ್ ಕೊಟ್ಟಿದ್ದಾನಂತೆ. ದಿನಕ್ಕೆ ಹತ್ತು ಕರೆ.

ಉತ್ತರ: ರೆಫರೆನ್ಸ್ ಎಂದರೆ ಜಾಮೀನಲ್ಲ, ನೀವು ಒಂದು ರೂಪಾಯಿಯೂ ಕೊಡಬೇಕಿಲ್ಲ. ‘ನಾನು ಜಾಮೀನುದಾರನಲ್ಲ, ಈ ನಂಬರ್ ತೆಗೆದುಹಾಕಿ’ ಎಂದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಒಂದು ಇಮೇಲ್ ಸಾಕು. ಪರಿಚಿತರ ಖಾಸಗಿತನಕ್ಕೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ ಸುತ್ತೋಲೆಯಲ್ಲಿ ಹೇಳಿದೆ, ಅದನ್ನೂ ಉಲ್ಲೇಖಿಸಿ. ಸ್ನೇಹಿತ ಎಲ್ಲಿದ್ದಾನೆ ಎಂದು ಹೇಳುವ ಬಾಧ್ಯತೆಯೂ ನಿಮಗಿಲ್ಲ.