ಓದುಗರ ಪ್ರಶ್ನೆ: ಅರ್ಧ ಮತಕ್ಕೆ 489 ಹೇಗೆ?

ಪ್ರಶ್ನೆ (ಪುಣೆಯ ಕೋಥ್ರೂಡ್‌ನಿಂದ): ಮಗಳು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. 1980ರ ಅಧ್ಯಕ್ಷ ಚುನಾವಣೆಯಲ್ಲಿ ಆಗಿನ ಅಧ್ಯಕ್ಷ, ಡೆಮಾಕ್ರಾಟ್ ಪಕ್ಷದ ಕಾರ್ಟರ್ ವಿರುದ್ಧ ರಿಪಬ್ಲಿಕನ್ ಪಕ್ಷದ ರೇಗನ್ ಗೆದ್ದು ಅಮೆರಿಕ ಸಂಪ್ರದಾಯವಾದದತ್ತ ವಾಲಿತು ಎಂದು ಟಿಪ್ಪಣಿಯಲ್ಲಿದೆ. ಒಂದು ಪುಟದಲ್ಲಿ ರೇಗನ್‌ಗೆ 489, ಕಾರ್ಟರ್‌ಗೆ 49 ಮತ. ಇನ್ನೊಂದರಲ್ಲಿ ರೇಗನ್‌ಗೆ ಶೇ. 50.7 ಮಾತ್ರ. ಯಾವುದನ್ನು ನಂಬಬೇಕು?

ಉತ್ತರ: ಎರಡೂ ಸರಿ. ಶೇ. 50.7 ಜನರು ಹಾಕಿದ ಮತ. 489 ಎಂಬುದು ರಾಜ್ಯಗಳ ಪ್ರತಿನಿಧಿಗಳಾದ ಎಲೆಕ್ಟರ್‌ಗಳ ಮತ. ಎಲೆಕ್ಟರ್‌ಗಳು ಒಟ್ಟು 538, ಗೆಲ್ಲಲು 270 ಬೇಕು. ಮೇನ್ ರಾಜ್ಯವೊಂದನ್ನು ಬಿಟ್ಟರೆ ಆಗ ಎಲ್ಲ ಕಡೆಯೂ ಒಂದೇ ನಿಯಮ: ರಾಜ್ಯದಲ್ಲಿ ಒಂದೇ ಮತ ಮುಂದಿದ್ದರೂ ಅಲ್ಲಿನ ಎಲೆಕ್ಟರ್‌ಗಳೆಲ್ಲ ಅವರ ಪಾಲು.

ಮ್ಯಾಸಚೂಸೆಟ್ಸ್ ನೋಡಿ. ರೇಗನ್ ಶೇ. 41.9, ಕಾರ್ಟರ್ ಶೇ. 41.7. ನಡುವಿನ ಅಂತರ ನಾಲ್ಕು ಸಾವಿರ ಮತವೂ ಇಲ್ಲ. ಆದರೂ 14 ಎಲೆಕ್ಟರ್‌ಗಳೂ ರೇಗನ್‌ಗೆ. ಪಕ್ಷೇತರ ಜಾನ್ ಆಂಡರ್ಸನ್ ಅಲ್ಲಿ ಶೇ. 15 ಪಡೆದಿದ್ದರು, ಎಲೆಕ್ಟರ್ ಒಬ್ಬರೂ ಸಿಗಲಿಲ್ಲ. ಹೀಗೆ 44 ರಾಜ್ಯಗಳು ಒಂದು ಕಡೆ ಬಿದ್ದವು. ಕಾರ್ಟರ್‌ಗೆ ಉಳಿದದ್ದು ಆರು ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್.

ಫಲಿತಾಂಶದ ಪಟ್ಟಿಯನ್ನು ಓದುವಾಗ ಮಗಳು ಮೊದಲು ಜನಮತದ ಕಾಲಂ ನೋಡಲಿ: ರೇಗನ್ 50.7, ಕಾರ್ಟರ್ 41, ಆಂಡರ್ಸನ್ 6.6. ಆಂಡರ್ಸನ್ ನಿಂತದ್ದರಿಂದಲೇ ಕಾರ್ಟರ್ ಸೋತರು ಎಂದು ಪರೀಕ್ಷೆಯಲ್ಲಿ ಬರೆಯುವವರಿದ್ದಾರೆ, ಅದು ತಪ್ಪು. ಆಂಡರ್ಸನ್ ಮತವನ್ನೆಲ್ಲ ಕಾರ್ಟರ್‌ಗೆ ಸೇರಿಸಿದರೂ 47.6 ಆಗುತ್ತದೆ, ರೇಗನ್ ಮುಂದೆಯೇ ಇರುತ್ತಾರೆ. ನಂತರ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ನೋಡಲಿ. ದೇಶ ವಾಲಿತು ಎನ್ನುವ ಮಾತಿಗೆ 489ಕ್ಕಿಂತ ಗಟ್ಟಿ ಸಾಕ್ಷಿ ಅಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ರಿಪಬ್ಲಿಕನ್ನರು 41 ಸ್ಥಾನದಿಂದ 53ಕ್ಕೆ ಏರಿ, ಕಾಲು ಶತಮಾನದ ಬಳಿಕ ಬಹುಮತ ಪಡೆದರು. ಜಾರ್ಜ್ ಮೆಕ್‌ಗವರ್ನ್, ಫ್ರಾಂಕ್ ಚರ್ಚ್ ಅವರಂಥ ಹಳೆಯ ಉದಾರವಾದಿಗಳು ಅದೇ ದಿನ ಸೋತರು. ಆದರೆ ಕೆಳಮನೆ ಡೆಮಾಕ್ರಾಟರ ಕೈಯಲ್ಲೇ ಉಳಿಯಿತು. ಇದನ್ನು ಬರೆಯದಿದ್ದರೆ ಉತ್ತರ ಅರೆಬರೆ.

ಪ್ರಶ್ನೆ (ಡೊಂಬಿವಲಿಯಿಂದ): ಇರಾನ್ ಒತ್ತೆಯಾಳುಗಳಿಂದಲೇ ಕಾರ್ಟರ್ ಸೋತರೇ?

ಉತ್ತರ: ಅದೊಂದರಿಂದಲೇ ಅಲ್ಲ. ಮತದಾನದ ದಿನವಾದ 1980ರ ನವೆಂಬರ್ 4ಕ್ಕೆ ಟೆಹ್ರಾನ್‌ನ ಅಮೆರಿಕ ದೂತಾವಾಸದ 52 ಮಂದಿ ಸೆರೆಯಾಗಿ ಸರಿಯಾಗಿ ವರ್ಷ ತುಂಬಿತ್ತು, ಅದು ನೋಯಿಸಿತು ನಿಜ. ಆದರೆ ಮನೆಮನೆಗೆ ತಟ್ಟಿದ್ದು ಬೆಲೆ: ಆ ವರ್ಷ ಹಣದುಬ್ಬರ ಶೇ. 13.5. ಬ್ಯಾಂಕುಗಳು ತಮ್ಮ ಅತ್ಯುತ್ತಮ ಗ್ರಾಹಕರಿಗೆ ಕೊಡುವ ಸಾಲದ ಬಡ್ಡಿಯೇ ಏಪ್ರಿಲ್‌ನಲ್ಲಿ ಶೇ. 20 ಮುಟ್ಟಿತ್ತು. ನಾಲ್ಕು ವರ್ಷದ ಹಿಂದಿಗಿಂತ ನಿಮ್ಮ ಸ್ಥಿತಿ ಸುಧಾರಿಸಿದೆಯೇ ಎಂದು ರೇಗನ್ ಕೊನೆಯ ಚರ್ಚೆಯಲ್ಲಿ ಕೇಳಿದ್ದು ಇದನ್ನೇ ಹಿಡಿದು. ಅಷ್ಟರಲ್ಲಿ ಬಲಪಂಥದ ನೆಲವೂ ಹದವಾಗಿತ್ತು. 1978ರಲ್ಲಿ ಕ್ಯಾಲಿಫೋರ್ನಿಯಾದ ಜನ ಆಸ್ತಿ ತೆರಿಗೆಗೆ ಮತ ಹಾಕಿ ಕಡಿವಾಣ ತೊಡಿಸಿದ್ದರು. 1979ರಲ್ಲಿ ಪಾದ್ರಿ ಜೆರ್ರಿ ಫಾಲ್ವೆಲ್ ಕಟ್ಟಿದ ‘ಮಾರಲ್ ಮೆಜಾರಿಟಿ’ ಚರ್ಚುಗಳ ಜನರನ್ನು ಮತಗಟ್ಟೆಗೆ ಕರೆತಂದಿತು. ಕಾರ್ಟರ್ ಸ್ವತಃ ದಕ್ಷಿಣದ ನಿಷ್ಠಾವಂತ ಬ್ಯಾಪ್ಟಿಸ್ಟ್ ಕ್ರೈಸ್ತ. ಆದರೂ ಆ ಭಾಗದಲ್ಲಿ ಅವರಿಗೆ ಹೆಚ್ಚೂಕಮ್ಮಿ ತವರು ಜಾರ್ಜಿಯಾ ಮಾತ್ರ ಉಳಿಯಿತು.

ಪ್ರಶ್ನೆ (ಗೋವಾದ ವಾಸ್ಕೋದಿಂದ): ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲೂ ಹೀಗಾಗಬಹುದೇ?

ಉತ್ತರ: ಇಲ್ಲ. ಇಲ್ಲಿ ರಾಜ್ಯದ ಮತವೆಲ್ಲ ಒಬ್ಬರಿಗೇ ಹೋಗುವ ಪದ್ಧತಿ ಇಲ್ಲ. ಶಾಸಕರು ಗುಪ್ತವಾಗಿ, ಪ್ರಾಶಸ್ತ್ಯದ ಕ್ರಮದಲ್ಲಿ ಮತ ಹಾಕುತ್ತಾರೆ. ಪಕ್ಷದ ವಿಪ್ ನಡೆಯುವುದಿಲ್ಲ. ಒಂದು ಮತದ ಮೌಲ್ಯ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ 1,000ದಿಂದ ಭಾಗಿಸಬೇಕು. ಶೇಷ 500 ಅಥವಾ ಹೆಚ್ಚಿದ್ದರೆ ಒಂದು ಸೇರಿಸಬೇಕು. ಮಹಾರಾಷ್ಟ್ರ: 5,04,12,235 ÷ 288 ÷ 1,000 = 175. ಗೋವಾ: 7,95,120 ÷ 40 ÷ 1,000 = 19.878, ಅಂದರೆ 20. ಕರ್ನಾಟಕದ ಶಾಸಕರ ಮತಕ್ಕೆ 131. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇಲ್ಲಿ 2011ರ ಜನಗಣತಿ ಹಾಕಿ ಲೆಕ್ಕ ತಪ್ಪುತ್ತಾರೆ. ಹಾಕಬೇಕಾದದ್ದು 1971ರದು, 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೂ ಅದೇ.