ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲಿನ ಸ್ಲೀಪರ್ ಬೋಗಿಯಲ್ಲಿ ಸಾಕುನಾಯಿಯನ್ನು ಕರೆದೊಯ್ಯಲು ಏಕೆ ಬಿಡುವುದಿಲ್ಲ?

ಸ್ಲೀಪರ್‌ನಲ್ಲಾಗಲಿ, ಎ.ಸಿ. ಟೂ ಟಯರ್, ತ್ರೀ ಟಯರ್ ಬೋಗಿಗಳಲ್ಲಾಗಲಿ ದೊಡ್ಡ ನಾಯಿಗೆ ಅವಕಾಶವಿಲ್ಲ. ಆದರೆ ಫಸ್ಟ್ ಎ.ಸಿ.ಯಲ್ಲಿ ಎರಡು ಬರ್ತ್‌ಗಳ ಕೂಪೆಯನ್ನೋ ನಾಲ್ಕು ಬರ್ತ್‌ಗಳ ಕ್ಯಾಬಿನ್ನನ್ನೋ ಪೂರ್ತಿಯಾಗಿ ನಿಮ್ಮ ಹೆಸರಿಗೇ ಕಾಯ್ದಿರಿಸಿಕೊಂಡರೆ ನಾಯಿಯನ್ನು ಜೊತೆಯಲ್ಲೇ ಕರೆದೊಯ್ಯಬಹುದು. ಈ ವ್ಯತ್ಯಾಸಕ್ಕೆ ಕಾರಣ ದರವಲ್ಲ, ಬಾಗಿಲು. ಸ್ಲೀಪರ್ ಬೋಗಿ ತೆರೆದ ಜಾಗವಾದ್ದರಿಂದ, ನಾಯಿಗೆ ಹೆದರುವವರು, ಅದರ ಕೂದಲಿನಿಂದ ಉಬ್ಬಸ ಬರುವವರು, ಕೆಳಗಿನ ಬರ್ತ್‌ನಲ್ಲಿ ಮಗುವನ್ನು ಮಲಗಿಸಿದವರು ರಾತ್ರಿಯಿಡೀ ಅದರಿಂದ ದೂರ ಸರಿಯಲಾರರು. ಬಾಗಿಲು ಹಾಕಿಕೊಳ್ಳಬಹುದಾದ ಕ್ಯಾಬಿನ್ನಿನಲ್ಲಿ ಆ ತಂಟೆ ಹುಟ್ಟುವುದಿಲ್ಲ. ನನಗೆ ಈ ನಿಯಮ ನ್ಯಾಯವಾಗಿಯೇ ಕಾಣುತ್ತದೆ.

ಇನ್ನೊಂದು ದಾರಿ, ಗಾರ್ಡ್ ಬೋಗಿಯಲ್ಲಿರುವ ನಾಯಿಪೆಟ್ಟಿಗೆ. ಇದಕ್ಕೆ ನಿಲ್ದಾಣದ ಪಾರ್ಸಲ್ ಕಚೇರಿಯಲ್ಲಿ ಮುಂಚಿತವಾಗಿ ಬುಕ್ ಮಾಡಬೇಕು. ನೀರು, ಆಹಾರದ ಹೊಣೆ ಮಾಲೀಕರದ್ದೇ. ಪೆಟ್ಟಿಗೆ ಇಕ್ಕಟ್ಟಾಗಿರುವುದರಿಂದ, ನಮ್ಮ ಭಾಗದ ಏಪ್ರಿಲ್–ಮೇ ಬಿಸಿಲಿನಲ್ಲಿ ಹಗಲು ರೈಲಿಗೆ ಅದನ್ನು ನೆಚ್ಚದಿರುವುದು ಲೇಸು: ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅದು ಮುಖ್ಯವಾಗಿ ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳುತ್ತದೆ, ಸುತ್ತಲಿನ ಗಾಳಿಯೇ ಕಾದಿದ್ದರೆ ಅದೂ ಸಾಲದು. ಯಾವ ದಾರಿ ಹಿಡಿದರೂ ರೇಬೀಸ್ ಲಸಿಕೆಯ ದಾಖಲೆ ಮತ್ತು ಪಶುವೈದ್ಯರ ಪ್ರಮಾಣಪತ್ರ ಕೈಯಲ್ಲಿರಲಿ.