ಡ್ರುಪಲ್‌ಕಾನ್‌ಗೆ ಟೀಮ್ ಹೋಗುತ್ತಿದೆ: ಸ್ಟಾಲ್ ಹಾಕಬೇಕಾ, ಸೆಷನ್ ಹಂಚಿಕೊಳ್ಳಬೇಕಾ?

ಉಡುಪಿಯ ಚಿಕ್ಕ ಕಂಪನಿ, ಆರು ಜನ, ಮೊದಲ ಡ್ರುಪಲ್‌ಕಾನ್, ಅಂದರೆ ವೆಬ್‌ಸೈಟ್ ಕಟ್ಟಲು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶ ಡ್ರುಪಲ್‌ನವರ ಸಮ್ಮೇಳನ. ಸ್ಟಾಲ್ ಹಾಕಿದರೆ ಲೀಡ್ (ಹೊಸ ಗ್ರಾಹಕರ ಸುಳಿವು) ಸಿಗುತ್ತಾ, ಇಲ್ಲ ಆರೂ ಜನ ಬೇರೆ ಬೇರೆ ಸೆಷನ್‌ನಲ್ಲಿ ಕೂತು ನೋಟ್ಸ್ ತಂದರೆ ಖರ್ಚಿಗೆ ನ್ಯಾಯ ಸಿಗುತ್ತಾ ಅಂತ ಕೇಳಿದ್ದೀರಿ. ನಮ್ಮ ಆಫೀಸಿನ ಬೋರ್ಡ್ ಮೇಲೆ ಇದೇ ಎರಡು ಕಾಲಂ ಇತ್ತು. ಎರಡೂ ಬೇಡ ಅಂತ ನಾನು ಹೇಳುತ್ತೇನೆ. ಯಾಕೆ ಅನ್ನೋದಕ್ಕೆ ನಮ್ಮ ಕಥೆಯನ್ನೇ ಹೇಳಬೇಕು.

2016ರ ಫೆಬ್ರವರಿ 18ರಿಂದ 21ರವರೆಗೆ ಮುಂಬೈ ಐಐಟಿಯಲ್ಲಿ ಡ್ರುಪಲ್‌ಕಾನ್ ನಡೆಯಿತು. ಏಷ್ಯಾದಲ್ಲಿ ಅದೇ ಮೊದಲು. ನಾನು ಆಗ ಮಂಗಳೂರಿನ ಬಿಜೈಯಲ್ಲಿದ್ದ ಒಂದು ಸಣ್ಣ ವೆಬ್ ಕಂಪನಿಯಲ್ಲಿದ್ದೆ. ಕಾಲೇಜು, ಸಹಕಾರಿ ಸಂಘ, ಟ್ರಸ್ಟ್, ಹೀಗೆ ನಮ್ಮ ಜಿಲ್ಲೆಗಳದ್ದೇ ಗ್ರಾಹಕರು, ಎಲ್ಲ ಸೈಟೂ ಡ್ರುಪಲ್ 7ರಲ್ಲಿ. ನಮ್ಮ ಸರ್ ಒಳ್ಳೆಯವರು. ನಮ್ಮನ್ನೆಲ್ಲ ಕೆಲಸ ಬಿಡಿಸಿ ಕಳಿಸುವುದು ಅವರಿಗೆ ಸಣ್ಣ ವಿಷಯ ಆಗಿರಲಿಲ್ಲ. ಮುಂಬೈಗೆ ಹೋಗುವ ಮತ್ಸ್ಯಗಂಧಾ ರೈಲಿಗೆ ಟಿಕೆಟ್ ಆಯಿತು. ಕೆಲವರು ಸೆಂಟ್ರಲ್‌ನಲ್ಲಿ ಹತ್ತಿದೆವು, ಉಡುಪಿಯವರು ಇಂದ್ರಾಳಿಯಲ್ಲಿ ಸೇರಿಕೊಂಡರು. ಯಾರು ಯಾವ ಸೆಷನ್‌ಗೆ ಹೋಗಬೇಕು ಅಂತ ಒಂದು ಶೀಟ್ ರೆಡಿ ಇತ್ತು.

ಆ ಶೀಟ್‌ನಲ್ಲಿ ಕೊನೆಯ ದಿನ ಖಾಲಿ ಇತ್ತು. ಅವತ್ತು ಸೆಷನ್ ಇಲ್ಲ, ಸ್ಪ್ರಿಂಟ್ ಮಾತ್ರ. ಈಗ ಅದನ್ನು ಕಾಂಟ್ರಿಬ್ಯೂಷನ್ ಡೇ ಅನ್ನುತ್ತಾರೆ. ಡ್ರುಪಲ್ ಕಟ್ಟುವವರು, ಅದರ ಮಾಡ್ಯೂಲ್‌ಗಳನ್ನು (ಹೆಚ್ಚಿನ ಸೌಲಭ್ಯ ಕೊಡುವ ಬಿಡಿ ತುಣುಕುಗಳನ್ನು) ನೋಡಿಕೊಳ್ಳುವವರು, ನಿನ್ನೆ ಮೊನ್ನೆ ಕಲಿಯಲು ಶುರು ಮಾಡಿದವರು, ಎಲ್ಲರೂ ಒಂದೇ ಹಾಲ್‌ನಲ್ಲಿ ಮೇಜು ಹಂಚಿಕೊಂಡು ನಿಜವಾದ ಬಗ್‌ಗಳ ಮೇಲೆ ಕೆಲಸ ಮಾಡುವ ದಿನ. ನಮಗೆ ಅದು ಬಿಡುವಿನ ದಿನದ ಹಾಗೆ ಕಂಡಿತು. ಸೋಮವಾರ ಒಂದು ಡೆಲಿವರಿ ಇತ್ತು. ವಾಪಸ್ ಟಿಕೆಟ್ ಅದೇ ದಿನಕ್ಕೆ ಮಾಡಿದೆವು.

ಈಗ ನಮ್ಮ ಸಮಸ್ಯೆ ಏನಿತ್ತು ಅಂತ ಹೇಳುತ್ತೇನೆ. ಕನ್ನಡ ಸೈಟ್ ಮಾಡುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಮುಖಪುಟದಲ್ಲಿ ಸುದ್ದಿಯ ತಲೆಬರಹ ಉದ್ದ ಆದರೆ ಇಷ್ಟು ಅಕ್ಷರಕ್ಕೆ ಕತ್ತರಿಸು ಅಂತ ಹೇಳಿದ್ದೆವು. ಡ್ರುಪಲ್ 7ರ ಕೋರ್‌ನಲ್ಲಿ, ಅಂದರೆ ಎಲ್ಲ ಸೈಟಿಗೂ ಒಂದೇ ಆಗಿರುವ ಮೂಲ ಕೋಡ್‌ನಲ್ಲಿ, ಅದಕ್ಕೊಂದು ಫಂಕ್ಷನ್ ಇದೆ. ಅದು ಎಣಿಸುವುದು ಯುನಿಕೋಡ್ ಸಂಕೇತಗಳನ್ನು, ನಾವು ನೀವು ಓದುವ ಅಕ್ಷರಗಳನ್ನಲ್ಲ. ‘ಪುತ್ತೂರು’ ನಮಗೆ ಮೂರಕ್ಷರ, ಕಂಪ್ಯೂಟರ್‌ಗೆ ಎಂಟು ಸಂಕೇತ. ನಾಲ್ಕಕ್ಕೆ ಕತ್ತರಿಸಿದರೆ ‘ಪುತ್’ ಅಂತ ನಿಲ್ಲುತ್ತದೆ. ‘ಮಂಗಳೂರು’ ಕತ್ತರಿಸಿದರೆ ‘ಮಂಗಳ’. ಕಾಲೇಜಿನ ಕನ್ನಡ ಮೇಷ್ಟ್ರು ಫೋನ್ ಮಾಡಿ ಬೈಯುತ್ತಿದ್ದರು. ಅವರು ಬೈದದ್ದು ಸರಿಯೇ.

ನಮ್ಮ ಪರಿಹಾರ ಏನು? ಕೋರ್ ಫೈಲನ್ನೇ ತೆರೆದು ಆ ಫಂಕ್ಷನ್ ಒಳಗೆ ನಮ್ಮದೇ ನಾಲ್ಕು ಸಾಲು ಸೇರಿಸಿದ್ದೆವು. ಕೋರ್ ಮುಟ್ಟಬಾರದು ಅಂತ ಎಲ್ಲರಿಗೂ ಗೊತ್ತು. ಆದರೂ ಗಡಿಬಿಡಿಯಲ್ಲಿ ಮಾಡುತ್ತಾರೆ, ನಾವೂ ಮಾಡಿದೆವು.

ಸಮ್ಮೇಳನದ ಮೂರನೇ ದಿನ ಚಹಾ ಹೊತ್ತಿಗೆ ಇದನ್ನು ಒಬ್ಬರ ಹತ್ತಿರ ಹೇಳಿದೆ. ಕೋರ್‌ಗೆ ಕೋಡ್ ಕೊಡುವವರು. ನನ್ನ ಫೋನ್‌ನಲ್ಲಿ ಆ ‘ಪುತ್’ ತೋರಿಸಿದಾಗ ಅವರಿಗೆ ನಿಜಕ್ಕೂ ಆಸಕ್ತಿ ಬಂತು. ನಾಳೆ ಲ್ಯಾಪ್‌ಟಾಪ್ ತನ್ನಿ, ಒಟ್ಟಿಗೆ ಕೂತು ನೋಡೋಣ ಅಂದರು. ನಾಳೆ ನಮಗೆ ಗಾಡಿ ಇದೆ, ಮಂಗಳೂರಿಗೆ ಹೋಗಿ ಇಶ್ಯೂ, ಅಂದರೆ ಡ್ರುಪಲ್‌ನವರ ಸೈಟಿನಲ್ಲಿ ಸಮಸ್ಯೆಯ ವರದಿ, ಹಾಕುತ್ತೇವೆ ಅಂದೆ. ಹಾಕಲೇ ಇಲ್ಲ.

ಈ ಜಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾಕೆಂದರೆ ಮೇಲೆ ನೋಡಿದರೆ ಇದು ಬರೀ ರೈಲು ಟಿಕೆಟ್ ವಿಷಯ ಅನಿಸುತ್ತದೆ. ಅಲ್ಲ. ನಾವು ಸಮ್ಮೇಳನವನ್ನು ಕೇಳಿಸಿಕೊಳ್ಳುವ ಜಾಗ ಅಂದುಕೊಂಡಿದ್ದೆವು. ಯಾರೋ ಮಾತಾಡುತ್ತಾರೆ, ನಾವು ಬರೆದುಕೊಳ್ಳುತ್ತೇವೆ, ಊರಿಗೆ ಬಂದು ಪಿಪಿಟಿ ಮಾಡುತ್ತೇವೆ. ಹಾಗೆ ಅಂದುಕೊಂಡ ಮೇಲೆ ಭಾಷಣ ಇಲ್ಲದ ದಿನ ವ್ಯರ್ಥ ಅನಿಸಲೇಬೇಕು. ಆದರೆ ಓಪನ್ ಸೋರ್ಸ್ ಸಮ್ಮೇಳನದಲ್ಲಿ ಭಾಷಣ ಕೇಳುವುದು ಸುಲಭದ ಭಾಗ, ಹೆಚ್ಚಿನ ಸೆಷನ್ ಆಮೇಲೆ ಯೂಟ್ಯೂಬ್‌ಗೆ ಬರುತ್ತದೆ. ಯೂಟ್ಯೂಬ್‌ಗೆ ಬಾರದೇ ಇರುವುದು ಒಂದೇ, ನಿಮ್ಮ ಕೋಡ್ ನೋಡಿ ‘ಇದು ಇಲ್ಲಿ ಅಲ್ಲ, ಅಲ್ಲಿ ಬರೆಯಬೇಕು’ ಅಂತ ಹೇಳುವ ಮನುಷ್ಯ. ಇನ್ನು ಊರಿಗೆ ಹೋಗಿ ಮಾಡುತ್ತೇವೆ ಅನ್ನುವುದು ಯಾಕೆ ಆಗುವುದಿಲ್ಲ ಅಂದರೆ, ಆಫೀಸಿನಲ್ಲಿ ಪ್ರತಿ ಗಂಟೆಗೂ ಒಬ್ಬ ಗ್ರಾಹಕ ಇದ್ದಾನೆ. ಯಾರೂ ಹಣ ಕೊಡದ ಆ ಎರಡು ಗಂಟೆ ಯಾವ ವಾರದಲ್ಲೂ ಬರುವುದಿಲ್ಲ. ಬಂದರೂ ಇಶ್ಯೂ ಹೇಗೆ ಬರೆಯಬೇಕು, ಟೆಸ್ಟ್ ಬೇಕಾ, ಯಾವ ವರ್ಷನ್‌ಗೆ ಹಾಕಬೇಕು, ಒಂದೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕೆಲಸವನ್ನು ಕೈ ಮುಂದಕ್ಕೆ ತಳ್ಳುತ್ತದೆ. ಆ ಹಾಲ್‌ನಲ್ಲಿ ಪಕ್ಕದಲ್ಲೇ ಒಬ್ಬರು ಇರುತ್ತಾರೆ, ಕೇಳಿದರೆ ಆಯಿತು.

ಅದರ ಬೆಲೆ ಎರಡು ವರ್ಷ ಕಳೆದ ಮೇಲೆ ಬಂತು. 2018ರ ಮಾರ್ಚ್ 21ಕ್ಕೆ ಡ್ರುಪಲ್ ಭದ್ರತಾ ತಂಡ ಮೊದಲೇ ಎಚ್ಚರಿಕೆ ಕೊಟ್ಟಿತು. 28ಕ್ಕೆ ತುಂಬಾ ಗಂಭೀರವಾದ ಅಪ್‌ಡೇಟ್ ಬರುತ್ತದೆ, ಸಮಯ ಇಟ್ಟುಕೊಳ್ಳಿ, ಕೆಲವು ಗಂಟೆ ಅಥವಾ ದಿನಗಳಲ್ಲೇ ದಾಳಿ ಶುರುವಾಗಬಹುದು ಅಂತ. ನಮ್ಮ ಗಡಿಯಾರದಲ್ಲಿ ಅದು ರಾತ್ರಿ ಹನ್ನೊಂದೂವರೆಯಿಂದ ಒಂದು ಗಂಟೆಯೊಳಗೆ. ಆಮೇಲೆ ಎಲ್ಲರೂ ಡ್ರುಪಲ್‌ಗೆಡನ್ 2 ಅಂತ ಕರೆದದ್ದು ಇದನ್ನೇ. ಲಾಗಿನ್ ಕೂಡ ಇಲ್ಲದವನು ಸೈಟಿಗೆ ಬಂದು ಸರ್ವರ್ ಮೇಲೆ ತನ್ನ ಕೋಡ್ ಓಡಿಸಬಹುದಿತ್ತು.

ಕೋರ್ ಮುಟ್ಟದವರಿಗೆ ಅವತ್ತಿನ ಕೆಲಸ ನೇರ. ಸರಿಪಡಿಸಿದ 7.58 ವರ್ಷನ್ ಹಾಕಿ, ಸೈಟ್ ನೋಡಿ, ಮಲಗಬಹುದು. ನಮಗೆ ಹಾಗಿಲ್ಲ. ಕೋರ್ ಬದಲಿಸಿದರೆ ನಮ್ಮ ಸಾಲುಗಳು ಹೋಗುತ್ತವೆ. ಇನ್ನೂ ಕೆಟ್ಟದ್ದೇನೆಂದರೆ ಒಬ್ಬೊಬ್ಬ ಡೆವಲಪರ್ ಒಂದೊಂದು ಸೈಟಿನಲ್ಲಿ ಆ ಸಾಲುಗಳನ್ನು ತನಗೆ ಬೇಕಾದ ಹಾಗೆ ತಿದ್ದಿದ್ದ. ಕೋರ್‌ಗೆ ಒಮ್ಮೆ ಕೈ ಹಾಕಿದ ಮೇಲೆ ಬೇರೆ ಫೈಲುಗಳಲ್ಲೂ ಸಣ್ಣ ಸಣ್ಣ ತಿದ್ದುಪಡಿ ಸೇರಿಕೊಂಡಿದ್ದವು, ಯಾವುದು ಎಲ್ಲಿ ಅಂತ ಯಾರೂ ಬರೆದಿಟ್ಟಿರಲಿಲ್ಲ. ಇದೇ ಭಯಕ್ಕೆ ಕೆಲವು ಸೈಟ್‌ಗಳನ್ನು ಬಹಳ ಹಿಂದಿನ ವರ್ಷನ್‌ನಲ್ಲೇ ಬಿಟ್ಟಿದ್ದೆವು. ಬೆಳಗಿನ ತನಕ ಒಂದೊಂದೇ ಸೈಟಿನ ಫೈಲು ಹೋಲಿಸಿ ನೋಡುತ್ತಾ ಕೂತೆವು. ಒಂದು ಸಹಕಾರಿ ಸಂಘದ ಸೈಟ್ ಮಾತ್ರ ತೀರಾ ಹಳೆಯದು, ನಾಳೆ ನೋಡೋಣ ಅಂತ ಬಿಟ್ಟೆವು. ನಾಳೆ ಅನ್ನುವುದು ವಾರ ದಾಟಿತು. ಏಪ್ರಿಲ್ ಮಧ್ಯದಲ್ಲಿ ದಾಳಿಯ ಕೋಡ್ ಎಲ್ಲರಿಗೂ ಸಿಗುವ ಹಾಗೆ ಹೊರಗೆ ಬಂತು. ಆ ಸೈಟಿನ ಸರ್ವರ್‌ನಲ್ಲಿ ಯಾರೋ ಕ್ರಿಪ್ಟೋ ಮೈನರ್ ಕೂರಿಸಿದರು, ಅಂದರೆ ಸರ್ವರ್‌ನ ಶಕ್ತಿ ಕದ್ದು ತಮಗೆ ಡಿಜಿಟಲ್ ಹಣ ಗಳಿಸುವ ಪ್ರೋಗ್ರಾಂ. ಸಂಘದವರು ನಮ್ಮನ್ನು ಬಿಟ್ಟರು. ಅವರ ಪರಿಚಯದಿಂದ ಬಂದಿದ್ದ ಇನ್ನೊಂದು ಸಂಘವೂ ಬಿಟ್ಟಿತು. ಏಪ್ರಿಲ್ 25ಕ್ಕೆ ಮತ್ತೊಂದು ಭದ್ರತಾ ಅಪ್‌ಡೇಟ್ ಬಂತು, 7.59. ಮತ್ತದೇ ರಾತ್ರಿ, ಮತ್ತದೇ ಫೈಲುಗಳು.

ಅದೆಲ್ಲ ಮುಗಿದ ಮೇಲೆ ನಾನು ಡ್ರುಪಲ್ ಡಾಟ್ ಆರ್ಗ್‌ನಲ್ಲಿ ಇಶ್ಯೂ ಬರೆದೆ. ಕನ್ನಡದ ಉದಾಹರಣೆ, ಚಿತ್ರ, ನಮ್ಮ ಪ್ಯಾಚ್ (ಕೋಡ್‌ಗೆ ನಾವು ಮಾಡಿದ ತಿದ್ದುಪಡಿಯ ಫೈಲು), ಎಲ್ಲ ಹಾಕಿದೆ. ಉತ್ತರ ಬೇಗ ಬಂತು. ಆ ಫಂಕ್ಷನ್‌ಗೆ ‘ವರ್ಡ್‌ಸೇಫ್’ ಅಂತ ಒಂದು ಆಯ್ಕೆ ಮೊದಲೇ ಇದೆ. ಅದನ್ನು ಆನ್ ಮಾಡಿದರೆ ಪದದ ಮಧ್ಯ ಕತ್ತರಿಸದೆ ಹಿಂದಿನ ಪದದ ಕೊನೆಗೆ ನಿಲ್ಲುತ್ತದೆ, ನಿಮ್ಮದೇ ಚಿಕ್ಕ ಮಾಡ್ಯೂಲ್‌ನಿಂದ ಕರೆಯಿರಿ, ಕೋರ್ ಮುಟ್ಟಬೇಕಾಗಿಲ್ಲ ಅಂತ. ಇಶ್ಯೂ ‘ವರ್ಕ್ಸ್ ಆಸ್ ಡಿಸೈನ್ಡ್’ (ಇದು ಬಗ್ ಅಲ್ಲ, ಮಾಡಿದ್ದೇ ಹೀಗೆ) ಅಂತ ಮುಚ್ಚಿಹೋಯಿತು. ಅದು ಸರಿಯಾದ ಉತ್ತರ. ಮುಂಬೈಯಲ್ಲಿ ಆ ಕೊನೆಯ ದಿನ ಉಳಿದಿದ್ದರೆ ಇದೇ ಮಾತು ಅರ್ಧ ಗಂಟೆಯಲ್ಲಿ ಸಿಗುತ್ತಿತ್ತು. ನಮ್ಮ ಪ್ಯಾಚ್ ಒಪ್ಪಿಗೆ ಆಗುತ್ತಿರಲಿಲ್ಲ, ಆದರೆ ನಮ್ಮ ಸೈಟ್‌ಗಳು ಉಳಿಯುತ್ತಿದ್ದವು.

ಅದಕ್ಕೇ ನಿಮ್ಮ ಪ್ರಶ್ನೆಯ ಎರಡು ಕಾಲಂನ್ನೂ ಅಳಿಸಿ ಅನ್ನುತ್ತೇನೆ.

ಸ್ಟಾಲ್ ಬೇಡ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ನಿಮ್ಮ ಹಾಗೆಯೇ ಡ್ರುಪಲ್ ಮಾಡುವವರು, ಸೈಟ್ ಮಾಡಿಸಿಕೊಳ್ಳುವವರಲ್ಲ. ಆರು ಜನರ ಕಂಪನಿಯಲ್ಲಿ ಇಬ್ಬರು ಮೇಜಿನ ಹಿಂದೆ ನಿಂತರೆ ಮೂರನೇ ಒಂದು ಪಾಲು ಹೋಯಿತು. ನಿಮ್ಮ ಬಾಸ್‌ಗೆ ಲೀಡ್ ಬೇಕೇ ಬೇಕು ಅಂತಾದರೆ ಕ್ರೆಡಿಟ್ ವ್ಯವಸ್ಥೆ ತೋರಿಸಿ. ಡ್ರುಪಲ್ ಡಾಟ್ ಆರ್ಗ್‌ನಲ್ಲಿ ಒಂದು ಇಶ್ಯೂ ಮುಗಿದಾಗ ಕೆಲಸ ಮಾಡಿದವರಿಗೆ ಕ್ರೆಡಿಟ್ ಕೊಡುತ್ತಾರೆ. ಆ ಕೆಲಸಕ್ಕೆ ಸಮಯ ಕೊಟ್ಟದ್ದು ಯಾವ ಕಂಪನಿ ಅಂತಲೂ ನೀವು ನಮೂದಿಸಬಹುದು. ಡ್ರುಪಲ್ ಕಂಪನಿಗಳ ಪಟ್ಟಿಯಲ್ಲಿ ಯಾರು ಮೇಲೆ ಬರುತ್ತಾರೆ ಅನ್ನುವುದರಲ್ಲಿ ಈ ಕ್ರೆಡಿಟ್ ಲೆಕ್ಕಕ್ಕೆ ಬರುತ್ತದೆ. ಸ್ಟಾಲ್‌ನಲ್ಲಿ ಹಂಚಿದ ಪೆನ್ನಿಗಿಂತ ಇದು ಜಾಸ್ತಿ ದಿನ ಉಳಿಯುತ್ತದೆ.

ಸೆಷನ್ ಹಂಚಿಕೊಳ್ಳುವ ಶೀಟೂ ಬೇಡ. ಯಾರಿಗೆ ಏನು ಬೇಕೋ ಅದಕ್ಕೆ ಹೋಗಲಿ. ಬದಲಿಗೆ ಬೋಫ್ ಬೋರ್ಡ್ ನೋಡಿ. ಅಲ್ಲಿ ಯಾರು ಬೇಕಾದರೂ ಒಂದು ವಿಷಯ ಬರೆದು, ಆಸಕ್ತಿ ಇದ್ದವರನ್ನು ಕೂರಿಸಿ ಮಾತಾಡಬಹುದು. ‘ಭಾರತೀಯ ಭಾಷೆಗಳ ಸೈಟ್’ ಅಂತ ನೀವೇ ಒಂದು ಹಾಕಿ. ಮತ್ತೆ ಊಟಕ್ಕೆ ಆರೂ ಜನ ಒಂದೇ ಮೇಜಿನಲ್ಲಿ ಕೂತು ತುಳು ಮಾತಾಡುತ್ತಾ ಕೂರಬೇಡಿ. ನಾವು ಹಾಗೇ ಕೂತಿದ್ದೆವು. ತುಂಬಾ ಹಿತವಾಗಿರುತ್ತದೆ ನಿಜ, ಆದರೆ ಹೊರಗಿನವರು ಒಬ್ಬರೂ ಹತ್ತಿರ ಬರುವುದಿಲ್ಲ.

ಮುಖ್ಯವಾಗಿ ಮಾಡಬೇಕಾದ್ದು ಹೊರಡುವ ಮೊದಲಿನ ಕೆಲಸ. ಪ್ರತಿಯೊಬ್ಬರೂ ತಮ್ಮ ಸೈಟ್‌ಗಳಲ್ಲಿ ಕೋರ್ ಅಥವಾ ಮಾಡ್ಯೂಲ್ ಒಳಗೆ ಕೈಹಾಕಿ ಬದಲಿಸಿದ ಒಂದು ಜಾಗ ಹುಡುಕಲಿ. ಇದ್ದೇ ಇರುತ್ತದೆ, ನಂಬಿ. ಅದಕ್ಕೆ ಡ್ರುಪಲ್ ಡಾಟ್ ಆರ್ಗ್‌ನಲ್ಲಿ ಹಳೆಯ ಇಶ್ಯೂ ಇದೆಯಾ ನೋಡಿ, ಇಲ್ಲದಿದ್ದರೆ ಹೊಸದು ಹಾಕಿ. ಆ ನಂಬರ್ ಹಿಡಿದುಕೊಂಡು ಹೋಗಿ. ಲ್ಯಾಪ್‌ಟಾಪ್‌ನಲ್ಲಿ ಡಿಡಿಇವಿ (ಲ್ಯಾಪ್‌ಟಾಪ್‌ನಲ್ಲೇ ಡ್ರುಪಲ್ ಸೈಟ್ ಓಡಿಸುವ ಸಾಧನ) ಹಾಕಿ, ಅದಕ್ಕೆ ಬೇಕಾದ ಡಾಕರ್ ಇಮೇಜ್‌ಗಳನ್ನೆಲ್ಲ ಮನೆಯ ನೆಟ್‌ನಲ್ಲೇ ಇಳಿಸಿಕೊಳ್ಳಿ. ಹಾಲ್‌ನ ವೈಫೈ ನಂಬಿ ಹೋದರೆ ಬೆಳಿಗ್ಗೆಯೆಲ್ಲ ಡೌನ್‌ಲೋಡ್ ನೋಡುತ್ತಾ ಕೂರಬೇಕಾಗುತ್ತದೆ. ನಮ್ಮ ಕಾಲದ ಪ್ಯಾಚ್ ಫೈಲಿನ ಬದಲು ಈಗ ಡ್ರುಪಲ್‌ನ ಕೋಡ್ ಇರುವ ಗಿಟ್‌ಲ್ಯಾಬ್‌ನಲ್ಲಿ ಮರ್ಜ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕಬೇಕು. ಅದನ್ನು ಒಂದು ಸಲ ಊರಲ್ಲೇ ಮಾಡಿ ನೋಡಿ. ವಾಪಸ್ ಟಿಕೆಟ್ ಕಾಂಟ್ರಿಬ್ಯೂಷನ್ ಡೇ ಮುಗಿದ ಮರುದಿನಕ್ಕೆ. ಈಗಾಗಲೇ ಬುಕ್ ಆಗಿದ್ದರೆ ಇವತ್ತೇ ಬದಲಿಸಿ ಮಾರಾಯ್ರೆ, ಸೋಮವಾರದ ಡೆಲಿವರಿ ಒಂದು ದಿನ ತಡ ಆದರೆ ಯಾರೂ ಸಾಯುವುದಿಲ್ಲ.

ಕೊನೆಗೆ ಒಂದು ಸಾಲು ಬರೆದಿದ್ದೀರಲ್ಲ, ಕೋಡ್ ಬರೆಯದ ಟೆಸ್ಟರ್ ಮತ್ತು ಕಂಟೆಂಟ್ ನೋಡುವ ಹುಡುಗಿಯನ್ನು ಬಿಟ್ಟು ಹೋಗೋಣವಾ ಅಂತ. ಬಿಡಬೇಡಿ. ‘ನೀಡ್ಸ್ ರಿವ್ಯೂ’ ಅಂತ ಕಾಯುತ್ತಿರುವ ಇಶ್ಯೂಗಳಿಗೆ ಬೇಕಾಗಿರುವುದು ಟೆಸ್ಟರ್‌ಗಳೇ. ಬಗ್ ನಿಜಕ್ಕೂ ಆಗುತ್ತಾ, ತಿದ್ದಿದ ಮೇಲೆ ಹೋಯಿತಾ ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದುಕೊಟ್ಟರೆ ಅದಕ್ಕೂ ಕ್ರೆಡಿಟ್ ಇದೆ. ಕಂಟೆಂಟ್ ನೋಡುವವರು ಲೋಕಲೈಸ್ ಡಾಟ್ ಡ್ರುಪಲ್ ಡಾಟ್ ಆರ್ಗ್‌ನಲ್ಲಿ ಕನ್ನಡ ಅನುವಾದಕ್ಕೆ ಕೂರಬಹುದು. ಆಡಳಿತ ಪುಟದ ಕನ್ನಡ ಸರಿ ಇಲ್ಲ ಅಂತ ನಿಮ್ಮ ಗ್ರಾಹಕರು ದೂರುತ್ತಿದ್ದರೆ ಆ ದೂರುಗಳ ಪಟ್ಟಿಯನ್ನೇ ಅವರ ಕೈಗೆ ಕೊಡಿ, ಅವರ ದಿನದ ಕೆಲಸ ಅದೇ.